ಹುಲ್ಲು ತಿನ್ನುವ ಪ್ರಾಣಿ

ಗೂಡು ಬರಿದಾಗಿತ್ತು. ನಿನ್ನೆ ಸಂಜೆ ಬೂದು ಮೊಲದ ಪಂಜರದಲ್ಲಿ ಕಣ್ಣು ಬಿಡದ ಏಳು ಮರಿಗಳಿದ್ದವು. ಬೆಳಿಗ್ಗೆ ತಂಗಿ ಹುಲ್ಲು ಸರಿಸಿ ನೋಡಿದರೆ ಉಳಿದದ್ದು ಒಂದಿಷ್ಟು ತುಪ್ಪಳ, ಅದಕ್ಕಂಟಿದ ರಕ್ತ.

ಮರಿಗಳ ಸಂಕಟ ಒಂದು ಕಡೆಯಾದರೆ ತನ್ನ ಸಂಕಟ ಇನ್ನೊಂದು ಕಡೆ. ನಾಳೆ ಅವಳು ಹೊಲಿಗೆ ಅಂಗಡಿಯ ಕೆಲಸಕ್ಕೆ ಸೇರಬೇಕಿತ್ತು. ಅಂಗಡಿಯ ಮಹಡಿಯ ಮೇಲೆ ಅವಳಿಗೇ ಅಂತ ಒಂದು ಕೋಣೆ. ಗಂಡ ತೀರಿಕೊಂಡಾಗ "ಒಂದು ವಾರ ಇದ್ದು ಹೋಗು" ಎಂದು ಕರೆತಂದ ಅಣ್ಣ, ಆರು ವರ್ಷವಾದರೂ ಬಿಟ್ಟಿರಲಿಲ್ಲ. ಕೆಟ್ಟವನೇನಲ್ಲ, ಛೇ! ಗೋದಾಮಿನ ಕಾವಲುಗಾರ. ಆದರೆ ಮನೆಗೆ ಬಂದ ಮೇಲೂ ಕಾವಲುಗಾರನೇ ಆಗಿರಬೇಕೆ? ಅವಳು ದಾರದ ಉಂಡೆ ತರಲು ಹೊರಟರೂ ಬೀದಿ ತುದಿಯವರೆಗೆ ಹಿಂದೆಯೇ ಬರುತ್ತಿದ್ದ.

ಈಗಲೂ ಬಂದ. ಬರಿಗೂಡು ನೋಡಿ ಹಣೆ ಚಚ್ಚಿಕೊಂಡ.

"ಮೊಲಕ್ಕೆ ಶತ್ರುಗಳು ಒಬ್ರಾ ಇಬ್ರಾ! ನರಿ, ಬೆಕ್ಕು, ಹಾವು, ಗಿಡುಗ. ಕಳ್ಳ ಸಿಗೋವರೆಗೆ ನೀನೆಲ್ಲೂ ಹೋಗೋ ಹಾಗಿಲ್ಲ. ಇವು ಏನು ತಿಂತಾವೆ, ಎಷ್ಟು ತಿಂತಾವೆ ಅಂತ ನಿಂಗೊಬ್ಬಳಿಗೇ ತಾನೇ ಗೊತ್ತು?"

"ಅತ್ತಿಗೆಗೆ ಎಲ್ಲಾ ಹೇಳ್ಕೊಟ್ಟಿದೀನಿ ಅಣ್ಣಾ. ಒಣಹುಲ್ಲು ಯಾವಾಗ್ಲೂ ಇರ್ಬೇಕು, ಕ್ಯಾರೆಟ್ ಒಂದೇ ಚೂರು, ಒದ್ದೆ ಸೊಪ್ಪು ಬೇಡವೇ ಬೇಡ. ಅವರು ಕಲ್ತಾಗಿದೆ."

"ಕಲಿತು ಏನು ಬಂತು? ಮರಿಗಳೆಲ್ಲಿ?"

ಅವಳು ಜಾಲರಿಯನ್ನು ಇಂಚಿಂಚೂ ತಡಕಿದಳು. ಒಂದು ತಂತಿಯೂ ಹರಿದಿರಲಿಲ್ಲ, ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಮೂಲೆಯಲ್ಲಿ ತಾಯಿ ಮೊಲ ಕಿವಿ ಮಡಚಿಕೊಂಡು ಸೆಟೆದು ಕೂತಿತ್ತು. ಅದರ ಮೂತಿಯೆಲ್ಲ ಕೆಂಪು. ಪಂಜರದಿಂದ ಎರಡು ಮಾರು ದೂರದಲ್ಲಿ, ಕಳೆದ ತಿಂಗಳು ಅಣ್ಣ ಕಾವಲಿಗೆಂದು ತಂದು ಕಟ್ಟಿದ ನಾಯಿ ನಾಲಿಗೆ ಚಾಚಿಕೊಂಡು ಅದನ್ನೇ ನೋಡುತ್ತಿತ್ತು. ಅಣ್ಣನನ್ನು ಬಿಟ್ಟರೆ ಯಾರನ್ನೂ ಹತ್ತಿರ ಸೇರಿಸದ ನಾಯಿ. ಅವಳಿಗೆ ಎಲ್ಲವೂ ಅರ್ಥವಾಯಿತು.

"ಅಣ್ಣಾ, ಹೊರಗಿಂದ ಯಾರೂ ಬಂದಿಲ್ಲ. ತಾಯಿನೇ ತಿಂದಿರೋದು."

"ತಲೆ ಕೆಟ್ಟಿದ್ಯಾ ನಿಂಗೆ? ಹುಲ್ಲು ತಿನ್ನೋ ಪ್ರಾಣಿ ಕಣೇ ಅದು!"

"ಹೆದರಿಕೆ ಅಣ್ಣಾ. ನಾಯಿ ಮೂರು ಹೊತ್ತೂ ಎದುರಿಗೇ ಕೂತಿದ್ರೆ, ಅದು ಕಾಯೋಕೆ ಬಂದಿದ್ಯೋ ತಿನ್ನೋಕೆ ಬಂದಿದ್ಯೋ ಅಂತ ಮೊಲಕ್ಕೆ ಹೇಗೆ ಗೊತ್ತಾಗ್ಬೇಕು? ಓಡೋಣ ಅಂದ್ರೆ ಜಾಗ ಇಲ್ಲ." ಅವಳು ಅಣ್ಣನ ಕಡೆ ತಿರುಗಿದಳು. "ನಂಗೂ ಹಾಗೇ ಆಗಿದೆ. ಉಸಿರು ಕಟ್ತಾ ಇದೆ. ಈ ಮನೇಲಿರೋಕೆ ಹೆದರಿಕೆ ಆಗುತ್ತೆ. ನನ್ನ ಬಿಟ್ಬಿಡು."

ಆರು ವರ್ಷದಲ್ಲಿ ಮೊದಲ ಸಲ ಹೇಳಿದ್ದಳು. ಅಣ್ಣನ ಕಣ್ಣಲ್ಲಿ ನೀರಾಡಿತು. ಹೋಗಿ ನಾಯಿಯ ಸರಪಳಿ ಬಿಚ್ಚಿದ, ಪಂಜರದಿಂದ ದೂರ ಕರೆದೊಯ್ದ. ಅಬ್ಬಾ, ಕೊನೆಗೂ ತಿಳಿಯಿತಲ್ಲ ಎಂದು ಅವಳ ಮನಸ್ಸು ಹಗುರವಾಯಿತು. ಬಟ್ಟೆಯ ಚೀಲ ಎತ್ತಿಕೊಂಡು ಹೊರಗೆ ಬಂದಳು.

ಅಣ್ಣ ಮುಂಬಾಗಿಲ ಗೇಟಿಗೆ ನಾಯಿಯನ್ನು ಬಿಗಿಯಾಗಿ ಕಟ್ಟುತ್ತಿದ್ದ.

"ನೀನು ಹೇಳಿದ್ದೇ ಸರಿ ಕಣಮ್ಮಾ, ಮೊಲದ ಎದುರು ಬೇಡ. ಇನ್ಮೇಲೆ ಇದು ಇಲ್ಲೇ ಇರ್ಲಿ. ಹೆದರಿಕೆ ಅಂದ್ಯಲ್ಲ, ಇನ್ನು ನೀನು ನಿಶ್ಚಿಂತೆಯಾಗಿರು."

ಅವಳು ಗೇಟಿನ ಕಡೆ ಒಂದು ಹೆಜ್ಜೆ ಇಟ್ಟಳು. ನಾಯಿ ಎದ್ದು ನಿಂತಿತು.