ಬಿಲದೊಳಗೆ ಹಲ್ಲುನೋವು

ಕ್ಯಾಪ್ಟನ್ ಟಿಲರಿ ಒಂದು ಸಾಲು ಬಿಟ್ಟು ಓದಿದ.

ಬಂದದ್ದು ತಾಲೀಮಿಗೆಂದು ಕಳಿಸುವ ಸಂದೇಶ. ಗಂಟೆ ಬಾರಿಸಿತ್ತು, ಇಬ್ಬರೂ ಕುರ್ಚಿಗಳಿಗೆ ಬೆಲ್ಟು ಬಿಗಿದುಕೊಂಡಿದ್ದರು, ಇಬ್ಬರೂ ಮಾಡಬೇಕಾದ ಕ್ರಮಗಳನ್ನು ಅವನು ಸಾಲುಸಾಲಾಗಿ ಗಟ್ಟಿಯಾಗಿ ಓದುತ್ತಿದ್ದ. ಮೇಲೆ ಹುಲ್ಲುಗಾವಲಿನ ತುಂಬ ಹಿಮ. ಕೆಳಗೆ, ನೆಲದಡಿಯಲ್ಲಿ, ಕ್ಷಿಪಣಿಯವರು ಬಿಲ ಎನ್ನುವ ಈ ಉಕ್ಕಿನ ಕೋಣೆ, ಹತ್ತು ಕ್ಷಿಪಣಿಗಳ ಹತ್ತು ದೀಪ.

"ಸರ್, ಒಂದು ಸಾಲು ಬಿಟ್ರಿ," ಎಂದಳು ಲೆಫ್ಟಿನೆಂಟ್ ಬರೇರಾ.

"ಓದಿದ್ನಲ್ಲ."

"ಇಲ್ಲ. ಬಿಟ್ರಿ."

ಬೆರಳನ್ನು ಹಿಂದಕ್ಕೆ ತಂದು ಓದಿದ. ಸಂದೇಶ ಮುಗಿಯಿತು. ಪ್ರತಿ ತಿಂಗಳ ಪರೀಕ್ಷೆಯಲ್ಲೂ ಪೂರ್ತಿ ಅಂಕ ತೆಗೆಯುವವನು ಟಿಲರಿ. ಈ ಕೆಲಸದಲ್ಲಿ ಪೂರ್ತಿ ಅಂಕಕ್ಕೆ ಯಾರೂ ಶಹಬ್ಬಾಸ್ ಹೇಳುವುದಿಲ್ಲ. ಒಂದು ಕಡಿಮೆಯಾದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

"ಸ್ಯಾಂಡ್‌ವಿಚ್ಚನ್ನ ಬರೀ ಎಡಗಡೆ ಅಗಿದ್ರಿ. ತಣ್ಣಗಿರೋ ಹಾಲು ಮುಟ್ಟಲೇ ಇಲ್ಲ."

"ನನ್ನ ಹೆಂಡತೀನೂ ಇಷ್ಟು ನೋಡಲ್ಲ ಮಾರಾಯ್ತಿ."

"ನೋಡೋದಕ್ಕೇ ನನ್ನ ಇಲ್ಲಿ ಕೂರಿಸಿರೋದು, ಸರ್. ಏನು ತಗೊಂಡ್ರಿ?"

ದವಡೆಯೊಳಗೆ ನೋವು ಎಲ್ಲೋ ದೂರದಲ್ಲಿ, ಹತ್ತಿ ಸುತ್ತಿಟ್ಟಂತೆ ಮಿಡಿಯುತ್ತಿತ್ತು. ಹತ್ತಿ ತಲೆಗೂ ಸುತ್ತಿಕೊಂಡಿತ್ತು.

"ಊರಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಮಾತ್ರೆ ಕೊಟ್ಟ. ಬೆಳಿಗ್ಗೆ ಒಂದು ನುಂಗಿದೆ."

"ನಮ್ಮ ಡಾಕ್ಟರ ಹತ್ರ ಯಾಕೆ ಹೋಗ್ಲಿಲ್ಲ?"

"ಹೋಗಿದ್ರೆ ನನ್ನ ಇಲ್ಲಿಗೆ ಇಳಿಸ್ತಾನೇ ಇರ್ಲಿಲ್ಲ. ಶುಕ್ರವಾರ ಏನಿದೆ ಅಂತ ಗೊತ್ತಲ್ಲ ನಿನಗೆ."

ಅವಳಿಗೆ ಗೊತ್ತಿತ್ತು. ಮೇಜರ್ ಹುದ್ದೆ ಟಿಲರಿಗೆ ಒಮ್ಮೆ ತಪ್ಪಿತ್ತು. ಎರಡನೇ ಸಲವೂ ತಪ್ಪಿದರೆ ಸಮವಸ್ತ್ರ ಮಡಚಿಟ್ಟು ಮನೆಗೆ ಹೋಗಬೇಕು. ಅದು ವಾಯುಪಡೆಯ ನಿಯಮ. ಎದೆಯ ಮೇಲೆ ರೆಕ್ಕೆಯ ಗುರುತು ಇರುವ ಪೈಲಟ್‌ಗಳಿಗೆ ತುದಿಯವರೆಗೂ ಮೆಟ್ಟಿಲುಗಳಿವೆ. ಬಿಲದವರಿಗೆ ಸಿಗುವುದು ಒಂದೋ ಎರಡೋ. ಅಂಥದ್ದೊಂದು ಈಗ ಖಾಲಿಯಿತ್ತು: ಕ್ಯಾಲಿಫೋರ್ನಿಯಾದ ಕಡಲ ಪಕ್ಕ, ಕ್ಷಿಪಣಿ ಶಾಲೆಯಲ್ಲಿ ಪಾಠ ಹೇಳುವ ಹುದ್ದೆ. ಅದು ಸಿಕ್ಕಿದರೆ ಮೇಜರ್ ಪಟ್ಟವೂ ಸಿಕ್ಕಂತೆಯೇ. ಉಳಿದಿದ್ದದ್ದು ಎರಡು ಹೆಸರು, ಟಿಲರಿ ಮತ್ತು ಅವನಂತೆಯೇ ಬಿಲದಲ್ಲಿ ಕೂರುವ ಕ್ಯಾಪ್ಟನ್ ಓಸ್ಟ್‌ಬಿ. ತೀರ್ಮಾನ ಶುಕ್ರವಾರ.

"ಪೈಲಟ್‌ಗೆ ನೆಗಡಿ ಬಂದ್ರೆ ಇವತ್ತು ಹಾರಲ್ಲ ಅಂತಾನೆ, ಬೆನ್ನು ತಟ್ಟಿ ಸೂಪ್ ಕೊಡ್ತಾರೆ," ಎಂದ ಟಿಲರಿ. "ನಾವು ಹಾಗಂದ್ರೆ ಇವನ ತಲೆ ನೆಟ್ಟಗಿದೆಯಾ ಅಂತಾರೆ."

"ಮುಖ್ಯ ಕಚೇರಿಗೆ ಫೋನ್ ನೀವು ಮಾಡ್ತೀರೋ, ನಾನು ಮಾಡ್ಲೋ?"

"ನಿನಗೆ ಇದನ್ನೆಲ್ಲ ಕಲಿಸಿದ್ದು ನಾನು, ಬರೇರಾ."

"ಅದಕ್ಕೇ ಕೇಳ್ತಿದೀನಿ, ಸರ್."

ಅವಳ ಕೈ ಆಗಲೇ ಫೋನಿನ ಮೇಲಿತ್ತು. ಗೊತ್ತಿದ್ದೂ ಸುಮ್ಮನಿದ್ದರೆ ಅವಳ ಕೆಲಸವೂ ಹೋಗುತ್ತದೆ. ಅವನು ಫೋನನ್ನು ತನ್ನ ಕಡೆ ಎಳೆದುಕೊಂಡು ತನ್ನ ಹೆಸರು ಹೇಳಿದ, ಮಾತ್ರೆಯ ಹೆಸರು ಹೇಳಿದ. ಆ ಕಡೆಯವನು ಎರಡನ್ನೂ ಬರೆದುಕೊಂಡ. ಆಮೇಲೆ, "ಬೇರೆಯವರನ್ನ ಕಳಿಸ್ತೀವಿ, ಏನೂ ಮುಟ್ಟಬೇಡಿ," ಎಂದ.

ಹಿಮದ ರಸ್ತೆಯಲ್ಲಿ ವ್ಯಾನ್ ಬರುವಷ್ಟರಲ್ಲಿ ಮಾತ್ರೆಯ ಹತ್ತಿ ಕರಗಿ ನೋವು ಹತ್ತಿರಕ್ಕೆ ಬಂದಿತ್ತು. ಬರೇರಾ ಬಾಗಿಲಿನ ಪಂಪನ್ನು ಕೈಯಿಂದ ಒತ್ತಿ ಒತ್ತಿ, ಆ ದಪ್ಪ ಉಕ್ಕಿನ ಬಾಗಿಲನ್ನು ಒಬ್ಬ ಮನುಷ್ಯ ತೂರುವಷ್ಟು ತೆರೆದಳು. ಒಳಗೆ ಬಂದವನು ಓಸ್ಟ್‌ಬಿ.

ಟಿಲರಿ ತನ್ನ ಪಿಸ್ತೂಲನ್ನು ಅವನಿಗೆ ಕೊಟ್ಟ. ಕ್ಷಿಪಣಿ ಹಾರಿಸುವ ಕೀಲಿಗಳಿದ್ದ ಕೆಂಪು ಪೆಟ್ಟಿಗೆಯ ಮೇಲಿಂದ ತನ್ನ ಬೀಗ ಬಿಚ್ಚಿದ. ಅದೇ ಜಾಗಕ್ಕೆ ಓಸ್ಟ್‌ಬಿ ತನ್ನ ಬೀಗ ಹಾಕಿದ.

"ಏನಾಯ್ತೋ?"

"ಹಲ್ಲು."

"ಒಂದು ಹಲ್ಲಿಗೆ ಕ್ಯಾಲಿಫೋರ್ನಿಯಾ ಬಿಟ್ಟುಕೊಟ್ಯಾ?" ಓಸ್ಟ್‌ಬಿ ಅವನ ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ನಕ್ಕ. "ನನ್ನ ಸೊಂಟನೋವು ನೋಡು. ಬೇಸಿಗೆಯಿಂದ ಮಾವನಿಗೆ ಕೊಟ್ಟ ನೋವಿನ ಮಾತ್ರೆ ನುಂಗ್ತಿದೀನಿ. ಇವತ್ತು ವ್ಯಾನ್ ಹತ್ತೋಕೆ ಮುಂಚೆನೂ ಒಂದು. ಯಾರಿಗಾದ್ರೂ ಹೇಳಿದೀನಾ, ಪೆದ್ದ?"

ಉಕ್ಕಿನ ಕೋಣೆಯಲ್ಲಿ ತಗ್ಗಿಸಿದ ದನಿಯೂ ಎಲ್ಲರಿಗೂ ಕೇಳುತ್ತದೆ. ಬಾಗಿಲ ಬಳಿ ಬರೇರಾಳ ಕೈಯಲ್ಲಿ ಪಂಪಿನ ಹಿಡಿ ನಿಂತಿತು. ಓಸ್ಟ್‌ಬಿ ತಿರುಗಿ ನೋಡಿದ.

"ತಮಾಷೆ ಮಾಡಿದೆ, ಲೆಫ್ಟಿನೆಂಟ್."

ಬಾಯಿ ತೆರೆಯಬೇಕಾದವನು ತಾನು ಎಂದು ಟಿಲರಿಗೆ ಗೊತ್ತಿತ್ತು. ತೆರೆದರೆ ನಾಳೆ ಎಲ್ಲರೂ ಏನೆನ್ನುತ್ತಾರೆ ಎಂಬುದೂ ಗೊತ್ತಿತ್ತು: ತಾನು ಮುಳುಗುವಾಗ ಪಕ್ಕದವನ ಕಾಲು ಹಿಡಿದ. ಅವನು ಬರೇರಾಳ ಮುಖ ನೋಡದೆ ಬಾಗಿಲು ದಾಟಿದ.

ಲಿಫ್ಟು ನರಳುತ್ತ ಏರಿತು. ಮೇಲೆ ಕಾವಲಿನ ಸಾರ್ಜೆಂಟ್, ಕೈಯಲ್ಲಿ ಫೋನ್ ಹಿಡಿದು, ಅವನಿಗಾಗಿಯೇ ಕಾಯುತ್ತಿದ್ದಳು.

"ಸರ್, ಲೆಫ್ಟಿನೆಂಟ್ ಕೆಳಗಿಂದ ಮುಖ್ಯ ಕಚೇರಿಗೆ ಏನೋ ಹೇಳಿದಾರಂತೆ. ಕ್ಯಾಪ್ಟನ್ ಓಸ್ಟ್‌ಬಿ ಅದು ಸುಳ್ಳು ಅಂತಿದಾರಂತೆ." ಅವಳು ಫೋನ್ ಮುಂದೆ ಚಾಚಿದಳು. "ನೀವೂ ಕೇಳಿಸ್ಕೊಂಡ್ರಾ ಅಂತ ಕೇಳ್ತಿದಾರೆ."

ಕಿಟಕಿಯಾಚೆ ವ್ಯಾನಿನ ಎಂಜಿನ್ ಓಡುತ್ತಿತ್ತು. ಕೆಳಗೆ, ಮುಚ್ಚಿದ ಬಾಗಿಲ ಹಿಂದೆ, ಬರೇರಾ ಆ ಓಸ್ಟ್‌ಬಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ.

ಟಿಲರಿ ಫೋನನ್ನು ಎಡಗಿವಿಗೆ ಹಿಡಿದ. ಮಾತಾಡಲು ಬಾಯಿ ತೆರೆದಾಗ ತಣ್ಣನೆಯ ಗಾಳಿ ಹಲ್ಲಿಗೆ ನೇರ ತಾಕಿತು.

"ಹೌದು," ಎಂದ. "ಅವನ ಪಕ್ಕದಲ್ಲೇ ನಿಂತಿದ್ದೆ."