ಬೆಳಕಿಂಡಿಯ ಹೊಗೆ

ಒಂದೇ ಒಂದು ಕಡ್ಡಿ ಗೀರಿ ನಮ್ಮೂರಿನ ಅಷ್ಟೂ ಒಲೆಗಳನ್ನು ಹೊತ್ತಿಸಿದವನು ನಾನು. ಬೆಳಕಿಂಡಿಗಳಿಂದ ಎದ್ದ ಹೊಗೆಗೆ ದಾರಿ ತಪ್ಪಿದ ಸೂರ್ಯ ಅವತ್ತು ಬಡಗಣ ದಿಕ್ಕಿನಲ್ಲಿ ಮುಳುಗಿದ. ನಂಬದವರು ಸೂರ್ಯನನ್ನೇ ಕೇಳಿಕೊಳ್ಳಲಿ.

ಆಗ ನೂಲಿನ ಗಿರಣಿ ಬಾಗಿಲು ಹಾಕಿ ವರ್ಷವಾಗುತ್ತ ಬಂದಿತ್ತು. ಅದರ ಚಿಮಣಿಯಲ್ಲಿ ಗಿಣಿಗಳು ಗೂಡು ಕಟ್ಟಿದ್ದವು. ಒಂದೊಂದು ಗಿಣಿ ಒಂದೊಂದು ಕುರಿಯಷ್ಟು ದಪ್ಪ! ಗಿರಣಿ ನಿಂತ ಮೇಲೆ ಎದುರಿನ ಖಾನಾವಳಿ ನಿಂತಿತು. ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ನನ್ನ ತಂಗಿ ಬಾಳವ್ವನ ಕೈಯೂ ನಿಂತಿತು. ಅವಳ ಮಗಳು ನಿಂಗಿ ಹಸಿದು ಹಸಿದು ಅಳುವುದನ್ನೇ ಬಿಟ್ಟಿದ್ದಳು.

ಬಡತನದ ಕಾರಣ ಹುಡುಕಲು ಸರಕಾರ ಮೂವರು ಸಾಹೇಬರನ್ನು ಕಳಿಸಿತು. ಊರು ಹಸಿದಿದೆಯೆಂದು ಅವರು ಬರೆದರೆ ಗಂಜಿ ಕೇಂದ್ರ ತೆರೆಯುತ್ತಿತ್ತು, ನಿಂಗಿ ಉಳಿಯುತ್ತಿದ್ದಳು. ಆದರೆ ಊರಿನ ಮಾನದ ಗತಿಯೇನು? ನಾನು ಮನೆಮನೆಗೆ ಹೋಗಿ ಒಲೆ ಹಚ್ಚಿಸಿದೆ.

"ಕಾರಣ ಕುಡಿತ," ಎಂದರು ಗಿರಣಿಯ ಗೇಟಿಗೆ ಒರಗಿ ನಿಂತ ಒಬ್ಬ ಸಾಹೇಬರು. "ಮಕ್ಕಳು ಹೆಚ್ಚು," ಎಂದರು ಇನ್ನೊಬ್ಬರು. ಮೂರನೆಯವರು ಹೊಗೆಯತ್ತ ಬೆರಳು ತೋರಿಸಿ, "ಬಡತನವಾದರೂ ಎಲ್ಲಿದೆ? ಎಲ್ಲರ ಮನೆಯಲ್ಲೂ ಅಡುಗೆ ಬೇಯುತ್ತಿದೆಯಲ್ಲ!" ಎಂದರು.

"ಬಡತನಾ? ನಮ್ಮೂರಾಗ ಅದನ್ನ ಹುಡುಕಿ ಕೊಟ್ಟವ್ರಿಗೆ ಹೋಳಿಗಿ ಊಟ ಹಾಕಸ್ತೀವ್ರಿ," ಎಂದೆ.

ಅವರು ನಗುತ್ತ ಜೀಪು ಹತ್ತಿದರು. ಗಂಜಿ ಕೇಂದ್ರ ಬೇರೆ ಊರಿಗೆ ಹೋಯಿತು.

ಮೊನ್ನೆ ಕಟ್ಟೆಯ ಮೇಲೆ ಕೂತು ಇದನ್ನೇ ಹೇಳುತ್ತಿದ್ದೆ. ಮುದುಕಿಯಾದ ಬಾಳವ್ವ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು.

"ಯಣ್ಣಾ, ಬಾಜೂಮನಿ ಹುಸೇನಬಿ ಒಲಿನೂ ನೀನ ಹಚ್ಚಿಸಿದ್ಯಾ?"

"ಮತ್ತ? ಮೊದಲ ಅಕಿ ಮನಿಗೇ ಹೋಗಿದ್ದೆ!"

"ಹೊಳ್ಳಾಮಳ್ಳಾ ಅದ ಸುಳ್ಳ ಎಷ್ಟ ಸಲ ಹೇಳ್ತಿ? ಅವತ್ತ ನೀ ನಮ್ಮ ಒಲಿ ಮುಂದ ಕುಂತು ಊದಾಕತ್ತಿದ್ದಿ. ಗಡಿಗ್ಯಾಗ ಏನಿತ್ತು, ಅದನ್ನ ಹೇಳು."

ಕಟ್ಟೆಯವರೆಲ್ಲ ನನ್ನ ಮುಖ ನೋಡಿದರು. ಆ ಕಡ್ಡಿ ನಾನೇ ಗೀರಿದೆನೆಂದರೆ ನಿಂಗಿಯ ಸಾವಿನ ತಪ್ಪೆಲ್ಲ ನನ್ನೊಬ್ಬನ ತಲೆಗೆ ಬಂದು, ಊರಿಗೆ ಊರೇ ಅದರಿಂದ ಪಾರಾಗುತ್ತಿತ್ತು. ಅದಕ್ಕೂ ತಂಗಿ ಬಿಡಲಿಲ್ಲ.

"ನೀರು," ಎಂದೆ.

ನಾನು ಯಾರ ಮನೆಗೂ ಹೋಗಿರಲಿಲ್ಲ. ನೆರೆಯವರಿಗೆ ಹೊಗೆ ಕಾಣಲೆಂದು ನಾವು ತಿಂಗಳುಗಟ್ಟಲೆ ಬರೀ ನೀರು ಕುದಿಸುತ್ತಿದ್ದೆವು. ಅವರ ಹೊಗೆ ಕಂಡು, ಓಣಿಯಲ್ಲಿ ಹಸಿದವರು ನಾವೊಬ್ಬರೇ ಎಂದು ನಾಚುತ್ತಿದ್ದೆವು. ಇನ್ನಾವುದೋ ಓಣಿಯ ಹಸಿವನ್ನು ನೋಡಿ ಸಾಹೇಬರು ಬರೆದುಕೊಳ್ಳಲಿ, ನಮ್ಮದನ್ನೇ ಯಾಕೆ ತೋರಿಸಬೇಕು ಎಂದುಕೊಂಡಿದ್ದೆ.

ನಿಂಗಿ ಹೋದ ದಿನ ಪದ್ಧತಿಯಂತೆ ನಮ್ಮ ಒಲೆ ಹಚ್ಚಲಿಲ್ಲ. ಸಾವಿನ ಮನೆಗೆ ನೆರೆಯವರು ಬುತ್ತಿ ತರಬೇಕು. ಓಣಿಯ ಬೆಳಕಿಂಡಿಗಳೆಲ್ಲ ಹೊಗೆಯಾಡುತ್ತಿದ್ದವು. ಬುತ್ತಿ ಮಾತ್ರ ಯಾವ ಮನೆಯಿಂದಲೂ ಬರಲಿಲ್ಲ. ಸಂಜೆಗೆ ಹುಸೇನಬಿ ಬಂದು ಬಾಗಿಲಲ್ಲೇ ಕುಸಿದಳು.

"ಏನ ತರ್ಲಿ, ಬಾಳವ್ವಾ? ನಮ್ಮ ಮನ್ಯಾಗೂ ಬರೇ ನೀರ ಕುದಿತೈತಿ."

ಅವಳ ಹಿಂದೆ ಇಡೀ ಓಣಿ ಬರಿಗೈಯಲ್ಲಿ ನಿಂತಿತ್ತು.

ಮರುದಿನ ಬೆಳಗ್ಗೆ ಯಾರೂ ಒಲೆ ಹಚ್ಚಲಿಲ್ಲ. ನಮ್ಮ ಮೇಲೆ ಆಕಾಶ, ತೊಳೆದು ಬೋರಲು ಹಾಕಿದ ಗಡಿಗೆಯಂತೆ, ಖಾಲಿಯಾಗಿತ್ತು.