ಸಂಕ ಬೇಡವೆಂದ ವರ್ಷ

ಗುತ್ತಿಗಾರು ಪೇಟೆಯಿಂದಾಚೆಯ ಆ ಸಣ್ಣ ಪಂಚಾಯತಿನಲ್ಲಿ ಬಜೆಟಿನ ಸಭೆ ಸೇರಿತ್ತು. ಕುಡಿಯುವ ನೀರಿನ ಪಂಪಿನ ಕರೆಂಟು ಬಿಲ್ಲು ಬಾಕಿ ಇದ್ದುದರಿಂದ ಎಲ್ಲಿಯಾದರೂ ಉಳಿತಾಯ ಮಾಡಲೇಬೇಕಿತ್ತು. ಆದರೆ ಯಾವ ಸದಸ್ಯನೂ ತನ್ನ ವಾರ್ಡಿನ ಕೆಲಸ ಬಿಟ್ಟುಕೊಡಲು ಸಿದ್ಧನಿರಲಿಲ್ಲ.

“ಹೊಳೆಯ ಸಂಕ ಈ ವರ್ಷ ಬೇಡ,” ಎಂದರು ಹಿರಿಯ ಸದಸ್ಯ ಪೋಕರ್.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು, ನಡೆದು ದಾಟಲೆಂದು ಹೊಳೆಗೆ ಅಡಕೆ ಮರದ ಕಾಲುಸಂಕ ಕಟ್ಟುವುದು ಊರಿನ ರೂಢಿ. ಮರ ತೋಟದವರದ್ದು, ಕೂಲಿ ಪಂಚಾಯತಿನದ್ದು. ಹೊಳೆಯಾಚೆ ಇದ್ದದ್ದು ಕೆಲವೇ ಮನೆಗಳು. ಅವುಗಳಲ್ಲಿ ಒಂದು ಪೋಕರರ ತಂಗಿ ಸಫೂರಾಳ ಮನೆ.

“ಎಂತ ಪೋಕರಾಕ, ತಂಗಿಯ ಹತ್ರ ಜಗಳ ಉಂಟಾ?” ಎಂದು ಅಧ್ಯಕ್ಷೆ ದೇವಕಿ ನಕ್ಕರು.

“ಜಗಳ ಎಂತದ್ದೂ ಇಲ್ಲ. ಸಿಮೆಂಟಿನ ಸಂಕ ಮಂಜೂರಾಗಿದೆಯಲ್ಲ ಮಾರಾಯ್ರೆ. ಎರಡೆರಡು ಯಾಕೆ?”

ಮರ ಕೊಡುವ ತೋಟದ ಯಜಮಾನ ಯಜ್ಞೇಶ್ವರರು ಬಿಡಲಿಲ್ಲ. “ಮಂಜೂರಾದದ್ದು ಕಾಗದದಲ್ಲಿ. ಮಳೆ ಕಾಗದ ನೋಡಿ ಬರುದಿಲ್ಲ. ಈ ಸಲ ಕೂಲಿಯನ್ನೂ ನಾನೇ ಕೊಡ್ತೇನೆ, ಕಟ್ಟುವ.”

“ಬೇಡ. ನಾಳೆ ಜನ ಎಂತ ಹೇಳಿಯಾರು?”

ಜನ ಏನು ಹೇಳುತ್ತಾರೆಂಬ ಭಯವೇ ಪೋಕರರನ್ನು ಆ ಮಾತಿಗೆ ದೂಡಿತ್ತು. ತಂಗಿಯ ಮನೆಗೆ ಪಂಚಾಯತಿನ ದುಡ್ಡಿನಲ್ಲಿ ದಾರಿ ಎಂದು ಹಿಂದೊಮ್ಮೆ ಹೋಟೆಲಿನಲ್ಲಿ ಯಾರೋ ಆಡಿದ್ದು ಅವರಿಗೆ ಮುಳ್ಳಿನಂತೆ ನಾಟಿತ್ತು. ಆ ದಿನ ಸಭೆ ಅವರನ್ನು ಮೆಚ್ಚಿತು. ಆ ಮೆಚ್ಚುಗೆ ಅವರಿಗೆ ಸಿಹಿಯಾಗಿಯೇ ಇತ್ತು.

“ಕಾಕ, ನಿಮ್ಮ ಪಂಚಾಯತಿಗೆ ಉಳಿಸ್ಲಿಕ್ಕೆ ನನ್ನ ಕಾಲೇ ಸಿಕ್ಕಿದ್ದಾ?” ಎಂದು, ಅಣ್ಣನನ್ನು ಕಾಕ ಎಂದೇ ಕರೆಯುತ್ತಿದ್ದ ಸಫೂರಾ ಆ ಸಂಜೆ ಚಹಾ ಕೊಡುತ್ತ ಛೇಡಿಸಿದಳು. ಅವರು ನಕ್ಕುಬಿಟ್ಟರು.

ಮಳೆ ಬಂತು, ಸಿಮೆಂಟಿನ ಸಂಕದ ಗುತ್ತಿಗೆದಾರ ಬರಲಿಲ್ಲ. ಹೊಳೆ ತುಂಬಿದ ಮೇಲೆ ಆಚೆ ಹೋಗಲು ಗುಡ್ಡ ಬಳಸಿ ಹೋಗುವ ರಸ್ತೆಯೊಂದೇ ಉಳಿಯಿತು. ದಿನಾ ಸಂಜೆ ಅಸರ್ ನಮಾಝ್ ಮುಗಿಸಿ ತಂಗಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ಪೋಕರರು ಫೋನಿನಲ್ಲೇ ಮಾತು ಮುಗಿಸತೊಡಗಿದರು.

ಜುಲೈ ತಿಂಗಳ ಒಂದು ಬೆಳಿಗ್ಗೆ ಸಫೂರಾಳ ಮಗ ಫಯಾಝ್ ಫೋನು ಮಾಡಿದ. “ಮಾಮ, ಉಮ್ಮ ಹೋದರು. ಮಧ್ಯಾಹ್ನ ಲುಹರ್ ನಮಾಝ್ ಆದ ಮೇಲೆ ದಫನಕ್ಕೆ ಎತ್ತುದು. ಬೇಗ ಬನ್ನಿ.”

ಯಜ್ಞೇಶ್ವರರು ತಮ್ಮ ಜೀಪು ತಂದರು. ಅರ್ಧ ದಾರಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಮಣ್ಣು ತೆಗೆಯಲು ಸಂಜೆಯಾದೀತೆಂದು ಜನ ಹೇಳಿದರು. ಪೋಕರರು ಜೀಪನ್ನು ಹೊಳೆಯ ಬದಿಗೆ ತಿರುಗಿಸಲು ಹೇಳಿದರು. ಒಮ್ಮೆ ತಂಗಿಯ ಮುಖ ನೋಡಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಕೆಂಪು ನೀರು ದಡ ಒತ್ತಿ ಹರಿಯುತ್ತಿತ್ತು. ಆಚೆ ದಡದಲ್ಲಿ ಫಯಾಝ್ ಫೋನು ಹಿಡಿದು ನಿಂತಿದ್ದ. “ಮಾಮ, ನಿಮಗೋಸ್ಕರ ಸಂಜೆವರೆಗೆ ಇಡುವ. ಮಸೀದಿಯ ಉಸ್ತಾದರೂ ಒಪ್ಪಿದ್ದಾರೆ.”

ಮಯ್ಯಿತ್ತನ್ನು, ಸತ್ತವರ ದೇಹವನ್ನು, ಕಾಯಿಸಬಾರದೆಂದು ಎಷ್ಟೋ ಮನೆಗಳಲ್ಲಿ ಪೋಕರರೇ ಮುಂದೆ ನಿಂತು ಹೇಳಿದ್ದರು. ದುಬೈಯಿಂದ ಹೊರಟ ಮಕ್ಕಳಿಗಾಗಿಯೂ ಕಾಯಗೊಟ್ಟಿರಲಿಲ್ಲ.

“ಬೇಡ ಮೋನೆ,” ಎಂದರು ಸೋದರಳಿಯನಿಗೆ. “ನನ್ನ ತಪ್ಪಿಗೆ ಅವಳನ್ನು ಕಾಯಿಸುದು ಬೇಡ. ಎತ್ತಿ.”

ಲುಹರ್ ಕಳೆದು ಸಫೂರಾಳ ಜನಾಝವನ್ನು ಹೊತ್ತು ಜನ ಆಚೆ ದಡದ ಹಾದಿಯಲ್ಲಿ ಬಂದರು. ಹೊತ್ತವರು ಹೊಳೆಯತ್ತ ತಿರುಗಿ ಸ್ವಲ್ಪ ನಿಂತರು. ಬಿಳಿ ಬಟ್ಟೆಯಲ್ಲದೆ ಬೇರೇನೂ ಕಾಣಲಿಲ್ಲ. ಮತ್ತೆ ಅವರು ಆಚೆ ಊರಿನ ಮಸೀದಿಯ ಕಡೆಗೆ ನಡೆದರು.

“ಆವತ್ತು ನಾನು ಇನ್ನೂ ಗಟ್ಟಿ ಹೇಳಬೇಕಿತ್ತು, ಪೋಕರಾಕ,” ಎಂದರು ಯಜ್ಞೇಶ್ವರರು.

“ನೀವು ಹೇಳಿದ್ರಿ. ನನಗೆ ಒಳ್ಳೆಯವನಾಗುದೇ ದೊಡ್ಡದಾಗಿತ್ತು.”

ಪೋಕರರು ಕೈಯೆತ್ತಿ ತಂಗಿಗಾಗಿ ದುಆ ಮಾಡಿದರು. ತಮಗಾಗಿ ಕ್ಷಮೆ ಬೇಡಲು ಹೊರಟಾಗ ಮಾತು ನಿಂತಿತು. ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರೇ ಕ್ಷಮಿಸಬೇಕೆಂದು ಅವರು ಚಿಕ್ಕಂದಿನಿಂದ ಕೇಳಿ ಬಲ್ಲರು. ಕೈ ಇಳಿಸದೆ ಹಾಗೆಯೇ ಮಳೆಯಲ್ಲಿ ನಿಂತರು.